ಖಾರದ ಜೀನು ಮತ್ತು ದೊಡ್ಡಪ್ಪನ ಮನೆತನ

ಈಗಷ್ಟೇ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದೆ. ಘಾಟಿಗೆ ಕೆಮ್ಮು ಬಂತು, ಕೆಮ್ಮಿನ ಬೆನ್ನಿಗೇ ಬ್ಯಾಡಗಿಯ ದೊಡ್ಡಪ್ಪ ನೆನಪಾದ. ಆತ ಮೆಣಸಿನಕಾಯಿ ದಲಾಲಿ. ಅವನ ಪ್ರಕಾರ ಖಾರ ತಿಂದು ಕಣ್ಣೀರು ಹಾಕದಿರುವುದು ನಮ್ಮ ಮನೆತನಕ್ಕೆ ದೇವರು ಕೊಟ್ಟ ವರ. ದೇವರಿಗೆ ಕೊಡಲು ಬೇರೇನೂ ಉಳಿದಿರಲಿಲ್ಲ ಎಂದು ಕಾಣುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ದೊಡ್ಡಪ್ಪನ ಮಗಳು ಗಿರಿಜಕ್ಕನನ್ನು ನೋಡಲು ಬಂದ ಪ್ರತಿ ವರನ ತಟ್ಟೆಯಲ್ಲಿ ರೊಟ್ಟಿಯ ಪಕ್ಕ ಒಂದು ಹುರಿದ ಮೆಣಸಿನಕಾಯಿ ಇರುತ್ತಿತ್ತು. ನೀರು ಕುಡಿಯದೆ, ಕಣ್ಣೊರೆಸದೆ ತಿಂದವನೇ ಅಳಿಯ. ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಮಗೂ ಗೊತ್ತು. ಹಾಗಾಗಿ ನಮ್ಮ ತಟ್ಟೆಗಳಿಗೆ ಊರಿನದು, ವರನಿಗೆ ಮಾತ್ರ ಗುಂಟೂರಿನ ಕಡುಖಾರದ್ದು. "ಬೀಗರಿಗೆ ಕಮ್ಮಿ ಮಾಡಬಾರದು," ಎನ್ನುತ್ತಿದ್ದ ದೊಡ್ಡಪ್ಪ. ಹಾವೇರಿಯಿಂದ ಬಂದ ಒಳ್ಳೆಯ ಹುಡುಗನೊಬ್ಬ ತಂಬಿಗೆಗೆ ಕೈಹಾಕಿ ಸಂಬಂಧ ಕಳೆದುಕೊಂಡಿದ್ದ.

ಆಮೇಲೆ ಬಂದವನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವನು, ಅಕ್ಕನ ಗೆಳತಿಯ ಅಣ್ಣ. ಅಕ್ಕನಿಗೆ ಅವನು ಮೊದಲೇ ಹಿಡಿಸಿದ್ದ. ಅಡುಗೆಮನೆಯಲ್ಲಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಅರ್ಧ ಕಾಯಿ ತಿನ್ನುವಷ್ಟರಲ್ಲಿ ಆತನ ಕಣ್ಣು, ಮೂಗು ಎರಡೂ ಹರಿಯತೊಡಗಿದವು.

"ಅಳಾಕತ್ತೀರೇನ್ರಿ ಮೇಷ್ಟ್ರ?" ಎಂದ ದೊಡ್ಡಪ್ಪ, ತೃಪ್ತಿಯಿಂದ.

"ಇಲ್ರಿ. ನನ್ನ ಜೀನು ತನ್ನ ಕೆಲಸಾ ಮಾಡಾಕತ್ತೈತಿ," ಎಂದ ಆತ.

ಪಾಠ ಶುರುವಾಯಿತು. ಟಿಆರ್‌ಪಿವಿ-೧ ಎಂಬ ಜೀನು, ಅಂದರೆ ವಂಶವಾಹಿ. ನೋವು ತಿಳಿಸುವ ನರಕೋಶಗಳು ಅದನ್ನು ಓದಿಕೊಂಡು ಒಂದು ಪ್ರೋಟೀನು ಕಟ್ಟುತ್ತವೆ. ಅಂಥ ಒಂದೊಂದು ಪ್ರೋಟೀನೂ ಕೋಶದ ಪೊರೆಯನ್ನು ಆರು ಸಲ ಹಾಯ್ದಿರುತ್ತದೆ. ಅಂಥ ನಾಲ್ಕು ಕೂಡಿದರೆ ಒಂದು ಬಾಗಿಲು. ಸುಡುವಷ್ಟು ಬಿಸಿ ತಾಗಿದರೆ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ನರ ಮಿದುಳಿಗೆ ಬೆಂಕಿಯೆಂದು ಕೂಗುತ್ತದೆ. ಮೆಣಸಿನಕಾಯಿಯ ಖಾರ ಅದೇ ಬಾಗಿಲಿನ ಚಿಲಕ ತೆಗೆಯುತ್ತದೆ, ಅಷ್ಟೇ. ಮೂಗೊರೆಸಿಕೊಳ್ಳುತ್ತ ಇಷ್ಟನ್ನೂ ಹೇಳಿದ ಪುಣ್ಯಾತ್ಮ.

"ಮತ್ತ ನಮಗ್ಯಾಕ ಕಣ್ಣಾಗ ನೀರು ಬರೂದಿಲ್ಲ?" ಎಂದ ದೊಡ್ಡಪ್ಪ.

"ದಿನಾ ತಿಂದ್ರ ಆ ಬಾಗಲಾ ಬ್ಯಾಸತ್ತು ಸುಮ್ನಾಗತೈತ್ರಿ. ರೂಢಿ ಅಷ್ಟ. ಜೀನು ಎಲ್ಲಾರ ಮನ್ಯಾಗೂ ಐತಿ."

ದೊಡ್ಡಪ್ಪನ ಮುಖ ಬಿಗಿಯಿತು. ತಲೆಮಾರುಗಳ ಕೀರ್ತಿಯನ್ನು ಬರೀ ರೂಢಿ ಎಂದುಬಿಟ್ಟರೆ? "ಮುಂದ ತಿಳಸ್ತೇವ್ರಿ," ಎಂದ. ನಮ್ಮ ಕಡೆ ಇದರ ಅರ್ಥ, ಎದ್ದು ನಡೆಯಿರಿ.

ಆಗ ಅಕ್ಕ ಹೊರಗೆ ಬಂದಳು. ಯಾರನ್ನೂ ಕೇಳದೆ ಅವನ ತಟ್ಟೆಯಿಂದ ಉಳಿದರ್ಧ ಗುಂಟೂರು ಕಾಯಿ ಎತ್ತಿ ಕಚಕಚ ಅಗಿದಳು. ಕ್ಷಣದಲ್ಲಿ ಕಣ್ಣು ಕೆಂಪಾಗಿ ನೀರು ಗಲ್ಲಕ್ಕಿಳಿಯಿತು.

"ನನಗೂ ನೀರು ಬಂತಪ್ಪಾ. ನನ್ನೂ ಹೊರಗ ಹಾಕ್ತೀಯೇನು?"

ದೊಡ್ಡಪ್ಪ ಮಗಳನ್ನು ನೋಡಿದ, ವರನನ್ನು ನೋಡಿದ. ಆಮೇಲೆ ಒಳಗೆ ತಿರುಗಿ, "ಲಗೂ ಬೆಲ್ಲಾ ತರ್ರಿ, ಇಬ್ಬರಿಗೂ!" ಎಂದು ಕೂಗಿದ. ಮದುವೆ ನಿಶ್ಚಯವಾಗಿದ್ದು ಹೀಗೆ. ಜಾತಕವನ್ನು ಆಮೇಲೆ ಕೂಡಿಸಿದರು, ಅದೂ ಬಾಯಿ ಮುಚ್ಚಿಕೊಂಡು ಕೂಡಿತು.

ಮದುವೆ ಮುಗಿದು ಅಕ್ಕ ರಾಣೆಬೆನ್ನೂರಿಗೆ ಹೊರಟು ಕಾರು ಹತ್ತಿದಾಗ ಕಣ್ಣೀರು ಬಾರದ ಮನೆತನದ ಹಿರಿಯ ರಸ್ತೆಯಲ್ಲೇ ನಿಂತು ಬಿಕ್ಕಿದ. ಅಳಿಯನ ತೋಳು ಹಿಡಿದು, "ಮೇಷ್ಟ್ರ, ಇದು ಯಾವ ಬಾಗಲಾರಿ?" ಎಂದು ಕೇಳಿದ. ಎಲ್ಲಕ್ಕೂ ಉತ್ತರವಿದ್ದ ಆ ಮನುಷ್ಯ ಮಾವನನ್ನು ಅಪ್ಪಿಕೊಂಡ.

ದೊಡ್ಡಪ್ಪ ಈಗಿಲ್ಲ. ಒಗ್ಗರಣೆಯ ಘಾಟು ಇಳಿದು ಬಹಳ ಹೊತ್ತಾಯಿತು. ನಾನು ಮಾತ್ರ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದೇನೆ.