ಹಳೆ ಯಂತ್ರದ ಚರಟ

ರಾತ್ರಿಯ ಊಟದ ಪಾತ್ರೆ ತೊಳೆದು, ಮರುದಿನದ ಬ್ರೆಡ್ಡಿಗೆ ಹಿಟ್ಟು ನಾದಿ ಮುಚ್ಚಿಟ್ಟ ಮೇಲೆ ಪೋಲ್ಯಾ ಹಿತ್ತಿಲಿನಲ್ಲಿ ಹಬೆಸ್ನಾನಕ್ಕೆಂದು ಕಟ್ಟಿದ್ದ ಹಬೆಮನೆಗೆ ಹೋಗುತ್ತಿದ್ದಳು. ಹಿಮ ಮೊಣಕಾಲುದ್ದ ಬಿದ್ದಿರಲಿ, ಸ್ಲೋಕನ್ ನದಿಯ ಕಡೆಯಿಂದ ಗಾಳಿ ಕೊರೆಯುತ್ತಿರಲಿ, ಒಂದು ದಿನವೂ ತಪ್ಪಿಸಿದವಳಲ್ಲ. ಬಾಗಿಲ ಹೊರಗಿನ ಮೊಳೆಗೆ ತನ್ನ ತಲೆವಸ್ತ್ರ ತೂಗುಹಾಕಿ ಬರಿತಲೆಯಲ್ಲಿ ಒಳಗೆ ಕೂರುತ್ತಿದ್ದಳು. ಪ್ರಾರ್ಥನೆಗೆ ಕಟ್ಟುವ ವಸ್ತ್ರ ಈ ಕೆಲಸ ನೋಡಬಾರದೆಂದು ಅವಳ ಎಣಿಕೆ.

ಕೆಲಸವೇನೋ ಸಣ್ಣದು. ಅಂಗೈಯಷ್ಟು ಉದ್ದದ ವೇಪರೈಸರ್ ಎಂಬ ಯಂತ್ರದ ಹೊಟ್ಟೆಗೆ ಒಂದು ಚಿಟಿಕೆ ಒಣಗಿದ ಗಾಂಜಾ ಸೊಪ್ಪು ತುಂಬಿ, ಗುಂಡಿ ಒತ್ತಿ, ಬಿಸಿಯಾದ ಮೇಲೆ ಅದರ ಆವಿಯನ್ನು ನಿಧಾನವಾಗಿ ಒಳಗೆಳೆದುಕೊಳ್ಳುವುದು. ಪಕ್ಕೆಯ ಉರಿ ತಗ್ಗುವ ತನಕ ಕಣ್ಣು ಮುಚ್ಚಿ ಕೂರುವುದು. ಆಮೇಲೆ ಪುಟ್ಟ ಬ್ರಷ್ಷಿನಿಂದ ಹೊಟ್ಟೆ ಗುಡಿಸಿ, ಉಳಿದ ಚರಟವನ್ನು ಗಿಡಗಳ ಬುಡಕ್ಕೆ ಹಾಕಲೆಂದು ಹಳೆಯ ಜಾಮ್ ಬಾಟಲಿಗೆ ಕೊಡವುವುದು. ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿದ ಹೆಂಗಸು. ಯಾವುದನ್ನೂ ಎಸೆಯಲು ಕೈ ಬರುತ್ತಿರಲಿಲ್ಲ.

ಗಂಡ ನಿಕೊಲಾಯ್ ತೀರಿಕೊಂಡ ಮರುವರ್ಷ ಅವಳ ಎಡಪಕ್ಕೆಗೆ ಸರ್ಪಸುತ್ತು ಎದ್ದಿತ್ತು. ಗುಳ್ಳೆ ಒಣಗಿದರೂ ಉರಿ ಹೋಗಲಿಲ್ಲ, ಬಟ್ಟೆ ತಾಗಿದರೂ ಕಾದ ಕಾವಲಿ ತಾಗಿದಂತೆ. ಮಾತ್ರೆ ನುಂಗಿದರೆ ಮಂಕು ಕವಿಯುತ್ತಿತ್ತು, ಒಮ್ಮೆ ಮೆಟ್ಟಿಲಿಂದ ಬಿದ್ದೂ ಇದ್ದಳು. ಕಡೆಗೆ ಡಾಕ್ಟರೇ ಈ ದಾರಿ ಹೇಳಿದರು. ಕಣಿವೆಯಲ್ಲಿ ಗಾಂಜಾ ಬೆಳೆಯದ ಗುಡ್ಡವಿಲ್ಲ, ಈಗ ಕಾನೂನಿನ ಅಡ್ಡಿಯೂ ಇಲ್ಲ. ಆದರೆ ಪೋಲ್ಯಾ ದುಖೊಬೋರರೆಂಬ ಕಟ್ಟುನಿಟ್ಟಿನ ಶಾಂತಿಪಂಥದವರ ಮಗಳು. ಅಜ್ಜಂದಿರು ರಷ್ಯ ಬಿಟ್ಟು ಈ ಕಣಿವೆಗೆ ಬರುವಾಗ ಬಂದೂಕು ಬಿಟ್ಟರು, ಮಾಂಸ ಬಿಟ್ಟರು, ಹೆಂಡ ಹೊಗೆಸೊಪ್ಪು ಬಿಟ್ಟರು. ಬಾಯಿಂದ ಹೊಗೆ ಬಿಡುವವನನ್ನು ಅವಳ ಅಪ್ಪ ಹೊಸಿಲು ಹತ್ತಿಸುತ್ತಿರಲಿಲ್ಲ.

ಇದು ಹೊಗೆಯಲ್ಲ, ಆವಿ, ಬೆಂಕಿಯಿಲ್ಲ, ಬೂದಿಯಿಲ್ಲ, ಹಬೆಮನೆಯಲ್ಲಿ ಕೂತು ಹಬೆ ಕುಡಿದರೆ ಏನು ತಪ್ಪು ಎಂದು ಅವಳು ತನಗೇ ಹೇಳಿಕೊಂಡಿದ್ದಳು. ಹಳೆಯ ಯಂತ್ರ ಮಾತ್ರ ಈ ಮಾತನ್ನು ನಡೆಸಿಕೊಡಲಿಲ್ಲ. ಕೊನೆಕೊನೆಯ ಎಳೆತಕ್ಕೆ ಸೀದ ವಾಸನೆ ಬರುತ್ತಿತ್ತು. ಒಂದು ಭಾನುವಾರ ಪ್ರಾರ್ಥನೆಯ ಮನೆಯಲ್ಲಿ ಆ ವಾಸನೆ ತನ್ನ ಕೂದಲಿನಿಂದಲೇ ಬಂದಂತಾಗಿ, ಮರುದಿನವೇ ಕ್ಯಾಸಲ್‌ಗಾರಿನ ಗಾಂಜಾ ಅಂಗಡಿಗೆ ಹೋದಳು.

ಅಂಗಡಿಯ ಕೊರಿನ್ ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಗಟ್ಟಿ ಗಂಟಲಿನ ಹೆಂಗಸು. ಯಂತ್ರ ನೋಡಿದವಳೇ ನಕ್ಕಳು.

"ಅಯ್ಯೋ ದೇವರೇ, ಈ ಅಜ್ಜ ಇನ್ನೂ ಉಸಿರಾಡ್ತಿದಾನಾ?"

"ಉಸಿರಾಡ್ತಾನೆ. ಕೆಮ್ಮು ಜಾಸ್ತಿ," ಎಂದಳು ಪೋಲ್ಯಾ, ಬಾಗಿಲ ಕಡೆ ಒಂದು ಕಣ್ಣಿಟ್ಟು.

"ನೋಡಿ ಅಮ್ಮಾ, ನಿಮ್ಮದು ಬಾಣಲೆ ಇದ್ದ ಹಾಗೆ. ಗೋಡೆಗೆ ತಾಗಿದ್ದು ಸೀಯತ್ತೆ, ನಡುವೆ ಇರೋದು ಹಸೀನೇ ಉಳಿಯತ್ತೆ. ಮಧ್ಯ ಮಧ್ಯ ಮುಚ್ಚಳ ತೆಗೆದು ಕಲಕ್ತೀರಿ ತಾನೆ?"

"ಕಲಕ್ತೀನಿ. ಬೆರಳು ಸುಟ್ಕೊಳ್ತೀನಿ."

"ಈ ಹೊಸದು ಹಬೇಲಿ ಬೇಯಿಸಿದ ಹಾಗೆ ಅಂದ್ಕೊಳ್ಳಿ. ಬಿಸಿಗಾಳಿ ಸೊಪ್ಪಿನ ಒಳಗಿಂದಾನೇ ಹಾದು ಬರತ್ತೆ, ಎಲ್ಲಾ ಒಂದೇ ಸಮ. ಎಷ್ಟು ಕಾವು ಬೇಕೋ ಅಂಕಿ ನೋಡಿ ಇಟ್ಕೋಬಹುದು. ಕಲಕೋ ಗೋಜಿಲ್ಲ."

"ಹೊಗೆ?"

"ಹೊಗೆ ಮಾತೇ ಇಲ್ಲ. ಒಂದೇ ಒಂದು ಕೊರತೆ ಅಂದ್ರೆ ಬ್ಯಾಟರಿ ಒಳಗೇ ಕೂತಿದೆ. ಕೆಟ್ಟರೆ ಇಡೀ ಯಂತ್ರಾನೇ ಕಂಪನಿಗೆ ಕಳಿಸ್ಬೇಕು. ನಿಮ್ಮ ಅಜ್ಜಂದು ಹಾಗಲ್ಲ, ಬ್ಯಾಟರಿ ಕಿತ್ತು ಬೇರೆ ಹಾಕಿದ್ರಾಯ್ತು. ಅದಕ್ಕೇ ಅವನನ್ನ ಬಿಸಾಡಬೇಡಿ." ಹೊಸ ಯಂತ್ರದ ಡಬ್ಬಿ ಕಟ್ಟುತ್ತಾ ಕೊರಿನ್ ಇನ್ನೂ ಮಾತಾಡುತ್ತಲೇ ಇದ್ದಳು. "ಚರಟ ಬೆಣ್ಣೇಲಿ ಹಾಕಿ ಕಾಯಿಸ್ಕೊಂಡು ಒಂದಿಷ್ಟು ತಿಂದ್ರೆ ನಿದ್ದೆಗೆ ಒಳ್ಳೇದು. ಹೊಸದರ ಚರಟದಲ್ಲಿ ಸತ್ವ ಹೆಚ್ಚು ಉಳಿಯಲ್ಲ, ಭಯ ಇಲ್ಲ. ಹಳೇದರದು ಹಾಗಲ್ಲ ಮತ್ತೆ, ಅರ್ಧಕ್ಕರ್ಧ ಅದರಲ್ಲೇ..."

ಅಷ್ಟರಲ್ಲಿ ಗಾಜಿನ ಹೊರಗೆ ಪರಿಚಿತ ಕೋಟೊಂದು ಹಾದುಹೋಯಿತು. ಪೋಲ್ಯಾ ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿ, ಮೇಲೆ ಎಲೆಕೋಸು ಇಟ್ಟು, ತಲೆ ತಗ್ಗಿಸಿ ನಡೆದುಬಿಟ್ಟಳು. ಕೊರಿನ್‌ಳ ಕೊನೆಯ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಇಳಿಯಲಿಲ್ಲ.

ಆ ಚಳಿಗಾಲ ಹೊಸ ಯಂತ್ರ ಕೊರಿನ್ ಹೇಳಿದಂತೆಯೇ ನಡೆಯಿತು. ಹೊಗೆಯಿಲ್ಲ, ಸೀದ ವಾಸನೆಯಿಲ್ಲ, ಚರಟ ಕಾಫಿಪುಡಿಯ ಬಣ್ಣಕ್ಕೆ ಒಂದೇ ಸಮ ಬರುತ್ತಿತ್ತು. ಅದನ್ನು ಬೆಣ್ಣೆಯಲ್ಲಿ ಕಾಯಿಸಿ, ಮಲಗುವಾಗ ಬ್ರೆಡ್ಡಿಗೆ ಧಾರಾಳವಾಗಿ ಬಳಿದು ತಿಂದರೆ ಒಂದು ಆಕಳಿಕೆ ಬರುತ್ತಿತ್ತು, ಅಷ್ಟೇ. ಹಿಮ ಕರಗುವ ಹೊತ್ತಿಗೆ ಹೊಸ ಯಂತ್ರದ ಬ್ಯಾಟರಿ ಸತ್ತಿತು. ಯಂತ್ರ ಅಂಚೆಯಲ್ಲಿ ಹೋಯಿತು, ಹಳೆಯದು ಕಪಾಟಿನಿಂದ ಹೊರಬಂತು. ಖಾಲಿ ಜಾಮ್ ಬಾಟಲಿ ಹಳೆ ಯಂತ್ರದ ಚರಟದಿಂದ ತುಂಬಿತು. ಒಂದು ಶನಿವಾರ ಎಂದಿನ ಅಳತೆಯಲ್ಲೇ ಬೆಣ್ಣೆ ಕಾಯಿಸಿ ನೀಲಿ ಬಟ್ಟಲಲ್ಲಿಟ್ಟಳು. ಈ ಸಲ ಬೆಣ್ಣೆಗೆ ಹಸಿರು ಬಣ್ಣ ಬಂದದ್ದು ಕಣ್ಣಿಗೆ ಬಿತ್ತು. ಅದರ ಅರ್ಥ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ದುನ್ಯಾ ಬಂದಳು. ಇಬ್ಬರೂ ಒಂದೇ ಓಣಿಯಲ್ಲಿ ಲಂಗ ಹಾಕಿಕೊಂಡು ಬೆಳೆದವರು. ದುನ್ಯಾಳ ಗಂಟಲು ಕಣಿವೆಗೆಲ್ಲ ಗೊತ್ತು. ಪ್ರಾರ್ಥನೆಯ ಮನೆಯಲ್ಲಿ ಕೀರ್ತನೆ ಎತ್ತುವವಳು ಅವಳೇ. ಅವಳು ಎತ್ತಿದ ಮೇಲೆಯೇ ಉಳಿದವರು. ಪ್ರಾರ್ಥನೆಗೆ ಮುಂಚೆ ಪೋಲ್ಯಾಳ ಅಡುಗೆಮನೆಯಲ್ಲಿ ಚಹಾ ಕುಡಿಯುವುದು ಅವಳ ಪದ್ಧತಿ. ಪೋಲ್ಯಾ ನೆಲಮಾಳಿಗೆಯಿಂದ ಬೀಟ್‌ರೂಟ್ ತರುವಷ್ಟರಲ್ಲಿ ದುನ್ಯಾ ಬ್ರೆಡ್ ಕೊಯ್ದು, ಎರಡು ಹೋಳು ಮುಗಿಸಿ ಮೂರನೆಯದಕ್ಕೆ ಬೆಣ್ಣೆ ಬಳಿಯುತ್ತಿದ್ದಳು. ನೀಲಿ ಬಟ್ಟಲಿನದು.

"ಇದೇನೇ ಬೆಣ್ಣೆ ಹಸಿರಾಗಿದೆ? ಹುಲ್ಲು ತಿನ್ಸಿ ಕೊಲ್ತೀಯಾ ನನ್ನ?"

ಆಗ ಹೇಳಬಹುದಿತ್ತು. ಪೋಲ್ಯಾಳ ಮುಖ ಬಿಸಿಯಾಯಿತು.

"ಸಬ್ಬಸಿಗೆ ಹಾಕಿದೀನಿ ಕಣೆ."

"ಕಹಿಯಾಗಿದೆ. ವಯಸ್ಸಾದ ಮೇಲೆ ನಿನ್ನ ಕೈರುಚಿ ಕೆಟ್ಟಿತು ಬಿಡು," ಎನ್ನುತ್ತಲೇ ದುನ್ಯಾ ಮೂರನೆಯದನ್ನೂ ತಿಂದಳು. ಚರಟವಷ್ಟೇ, ಏನೂ ಆಗುವುದಿಲ್ಲ ಎಂದುಕೊಂಡು ಪೋಲ್ಯಾ ಬಟ್ಟಲನ್ನು ಮೆಲ್ಲಗೆ ಎತ್ತಿಟ್ಟಳು.

ಪ್ರಾರ್ಥನೆಯ ಮನೆಯಲ್ಲಿ ಮೇಜಿನ ಮೇಲೆ ಬ್ರೆಡ್ಡು, ಉಪ್ಪು, ನೀರು. ಒಂದು ಕಡೆ ಗಂಡಸರು, ಎದುರು ಹೆಂಗಸರು. ದುನ್ಯಾ ಕೀರ್ತನೆ ಎತ್ತಿದಳು. ಎರಡನೆಯ ಸಾಲಿಗೆ ಬರುವಾಗ ಸ್ವರ ಉದ್ದವಾಯಿತು, ಇನ್ನೂ ಉದ್ದವಾಯಿತು, ನಿಂತೇಹೋಯಿತು. ಅವಳು ಉಪ್ಪಿನ ಬಟ್ಟಲನ್ನೇ ನೋಡುತ್ತ ನಿಂತಳು. ಕಿಸಕ್ಕನೆ ನಕ್ಕಳು. ಯಾರೋ ಕೆಮ್ಮಿದರು.

"ಆಮೇಲೆ ಏನು?" ಎಂದು ಪಕ್ಕದಲ್ಲಿದ್ದ ಪೋಲ್ಯಾಳ ತೋಳು ಹಿಡಿದಳು. "ಪೋಲ್ಯಾ, ಆಮೇಲೇನು ಬರತ್ತೆ? ನಂಗೆ ಗೊತ್ತಿಲ್ಲ. ಏನೂ ಗೊತ್ತಾಗ್ತಿಲ್ಲ." ಅವಳ ಕಣ್ಣು ಕೆಂಪಾಗಿತ್ತು, ಕೈ ತಣ್ಣಗಿತ್ತು.

ಪೋಲ್ಯಾಳ ಕಣ್ಣ ಮುಂದೆ ಹಸಿರು ಬೆಣ್ಣೆ ಬಂತು, ಅದರ ಹಿಂದೆಯೇ ಕೊರಿನ್‌ಳ ಮಾತು. ಹಳೇದರದು ಹಾಗಲ್ಲ ಮತ್ತೆ. ಊರೆಲ್ಲ ಸುತ್ತ ನಿಂತಿದೆ. ಅವಳ ತಲೆಯ ಮೇಲೆ ಬಿಳಿ ವಸ್ತ್ರವಿದೆ. ಬಾಯಿ ತೆರೆಯಲಿಲ್ಲ.

ದುನ್ಯಾಳನ್ನು ಆಸ್ಪತ್ರೆಗೆ ಕರೆದೊಯ್ದರು. ಪೋಲ್ಯಾ ಜೊತೆಗೆ ಹೋದಳು, ಡಾಕ್ಟರ ಮುಂದೆಯೂ ಹೇಳಲಿಲ್ಲ. ರಕ್ತದೊತ್ತಡ ನೋಡಿದರು, ಒಂದು ರಾತ್ರಿ ಇಟ್ಟುಕೊಂಡರು. ಸಣ್ಣ ಪಾರ್ಶ್ವವಾಯು ಇರಬಹುದು, ವಯಸ್ಸಿನ ಮರೆವಿನ ಶುರುವೂ ಇರಬಹುದು, ತಲೆಯ ಸ್ಕ್ಯಾನಿಗೆ ಸರದಿ ಬರಲಿ ಎಂದರು. ಬೆಳಗಾಗುವಾಗ ದುನ್ಯಾಳ ತಲೆ ತಿಳಿಯಾಗಿತ್ತು. ಆದರೆ ಮರೆವು ಎಂಬ ಮಾತು ಅವಳೊಳಗೆ ಬೇರು ಬಿಟ್ಟಿತು. ಅವಳ ತಾಯಿ ಸಾಯುವ ಕಾಲಕ್ಕೆ ಹೆತ್ತ ಮಕ್ಕಳನ್ನೇ "ನೀವು ಯಾರ ಮನೆಯವರು?" ಎಂದು ಕೇಳುತ್ತಿದ್ದಳು.

ಮುಂದಿನ ಭಾನುವಾರ ಕೀರ್ತನೆಯನ್ನು ಬೇರೊಬ್ಬಳು ಎತ್ತಿದಳು. ದುನ್ಯಾ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಒಬ್ಬರೊಳಗಿನ ದೇವರಿಗೆ ಇನ್ನೊಬ್ಬರು ಬಾಗುವ ಹೊತ್ತು ಬಂದಾಗ ಅವಳು ಪೋಲ್ಯಾಳಿಗೆ ನೆಲದವರೆಗೆ ಬಾಗಿ ನಮಿಸಿದಳು. ಪೋಲ್ಯಾಳೂ ಬಾಗಿದಳು. ಆದರೆ ಎದ್ದಾಗ ಆ ಮುಖ ನೋಡಲಾಗಲಿಲ್ಲ. ಅಂದು ರಾತ್ರಿ ಪಕ್ಕೆ ಉರಿದರೂ ಯಂತ್ರ ಮುಟ್ಟಲಿಲ್ಲ. ಹಬೆಮನೆಗೆ ಹೋಗಿ ಸುಮ್ಮನೆ ಕೂತು ಬಂದಳು.

ದಿನಾ ದುನ್ಯಾಳಿಗೆ ಬೀಟ್ರೂಟಿನ ಬೋರ್ಶ್ ಸಾರು ಒಯ್ಯುತ್ತಿದ್ದಳು. ಒಯ್ದಾಗಲೆಲ್ಲ ದುನ್ಯಾಳ ಅಡುಗೆಮನೆಯಲ್ಲಿ ಹೊಸ ಚೀಟಿಗಳು. ಡಬ್ಬಿಗಳ ಮೇಲೆ ಸಕ್ಕರೆ, ಉಪ್ಪು. ಒಲೆಯ ಪಕ್ಕ "ಆರಿಸಿದೆಯಾ ನೋಡು." ಒಂದು ದಿನ ದುನ್ಯಾ ಕನ್ನಡಿಯ ಮೂಲೆಗೆ ತನ್ನದೇ ಹೆಸರು ಅಂಟಿಸುವಾಗ, ಕುರ್ಚಿಯಲ್ಲಿ ಕೂತಿದ್ದ ಪೋಲ್ಯಾ ಅಂಟನ್ನು ಅವಳ ಹತ್ತಿರ ಸರಿಸಿಟ್ಟಳು.

"ಏನೇ ಇದೆಲ್ಲ?"

"ಇರ್ಲಿ ಕಣೆ. ಅಮ್ಮನಿಗೂ ಮೊದಲೇ ಹೀಗೆ ಚೀಟಿ ಹಚ್ಚಿಟ್ಟಿದ್ರೆ ಇನ್ನೊಂದಿಷ್ಟು ದಿನ ಸಾಗ್ತಿತ್ತು," ಎಂದು ದುನ್ಯಾ ಸೊಗಸಾಗಿ ಬ್ರೆಡ್ ಕೊಯ್ದು ಅವಳ ಮುಂದಿಟ್ಟಳು. "ಒಂದು ಉಪಕಾರ ಮಾಡು. ಗುರುವಾರ ಕಾರು ತೆಗಿ. ಪೇಟೆಯ ವೃದ್ಧಾಶ್ರಮ ನೋಡ್ಕೊಂಡು ಬರೋಣ. ಬುದ್ಧಿ ಇರೋವಾಗ್ಲೇ ಕೋಣೆ ಆರಿಸ್ಕೋತೀನಿ, ಹೋದ್ಮೇಲೆ ಯಾರೋ ಕತ್ತಲೆ ಕೋಣೆಗೆ ತಳ್ತಾರೆ."

ಪೋಲ್ಯಾ ಬ್ರೆಡ್ ಕೈಯಲ್ಲಿ ಹಿಡಿದೇ ಕೂತಳು. ಮನೆಗೆ ಹೋದವಳಿಗೆ ಹಿಟ್ಟು ನಾದಲಾಗಲಿಲ್ಲ.

ಗುರುವಾರ ಬೆಳಿಗ್ಗೆ ಕಾರು ತೆಗೆಯದೆ ನಡೆದೇ ಬಂದಳು. ಕೈಯಲ್ಲಿ ಗಂಟು. ಗಂಟು ಕಟ್ಟಿದ್ದು ಪ್ರಾರ್ಥನೆಯ ತಲೆವಸ್ತ್ರದಿಂದಲೇ. ಮೇಜಿನ ಮೇಲೆ ಬಿಚ್ಚಿದಳು. ಹಳೆ ಯಂತ್ರ, ರಿಪೇರಿಯಾಗಿ ಬಂದ ಹೊಸ ಯಂತ್ರ, ಎರಡು ಕಾಗದದ ಪೊಟ್ಟಣ. ದುನ್ಯಾಳ ಬಿಳಿ ತಟ್ಟೆ ತೆಗೆದು ಪೊಟ್ಟಣಗಳನ್ನು ಅಕ್ಕಪಕ್ಕ ಸುರಿದಳು.

"ಏನಿದು? ಚಹಾ ಸೊಪ್ಪಾ?"

"ಗಾಂಜಾ. ನನ್ನ ಪಕ್ಕೆ ನೋವಿಗೆ. ವರ್ಷಗಳಿಂದ ಎಳೀತೀನಿ, ಹಬೆಮನೇಲಿ ಕೂತು." ಒಮ್ಮೆ ಶುರುವಾದ ಮಾತು ನಿಲ್ಲಲಿಲ್ಲ. "ಈ ಕಪ್ಪಗಿರೋದು ಹೊಸ ಯಂತ್ರದ ಚರಟ. ಸತ್ವ ಎಲ್ಲಾ ಹೀರಿ ಬಿಟ್ಟಿರೋದು, ತಿಂದ್ರೂ ಏನಾಗಲ್ಲ. ಈ ಹಸಿರು ಮಚ್ಚೆ ಇರೋದು ಹಳೇದರದು. ಬೇಯಿಸಿದ್ದು ಅರ್ಧ, ಬಿಟ್ಟಿದ್ದು ಅರ್ಧ. ಆವತ್ತು ನೀನು ತಿಂದ ಬೆಣ್ಣೇಲಿ ಇದ್ದದ್ದು ಇದು. ಸಬ್ಬಸಿಗೆ ಅಲ್ಲ. ನಿನ್ನ ತಲೆಗೆ ಏನೂ ಆಗಿಲ್ಲ ದುನ್ಯಾ. ನಾನು ಮಾಡಿದ್ದು."

ದುನ್ಯಾ ತಟ್ಟೆ ನೋಡಿದಳು. ಕಪ್ಪನೆಯದನ್ನು ಬೆರಳಿಂದ ಮುಟ್ಟಿದಳು, ಹಸಿರನ್ನು ಮುಟ್ಟಿದಳು, ಮೂಸಿದಳು.

"ಅಂದ್ರೆ ನಾನು ದೇವರ ಮುಂದೆ... ಅಮಲೇರಿ ನಿಂತಿದ್ದೆನಾ?"

"ಹೌದು."

ದುನ್ಯಾ ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಉಪ್ಪು ನನ್ನ ನೋಡಿ ಕಣ್ಣು ಹೊಡೀತಿತ್ತು ಕಣೆ! ಯಾರಿಗೂ ಹೇಳಿರ್ಲಿಲ್ಲ!" ಎದ್ದು ಹೋಗಿ ಒಲೆಯ ಪಕ್ಕದ ಚೀಟಿ ಕಿತ್ತಳು, ಡಬ್ಬಿಗಳ ಚೀಟಿ ಕಿತ್ತಳು. ಕನ್ನಡಿಯ ಹತ್ತಿರ ಬಂದಾಗ ನಗು ನಿಂತಿತು. ತನ್ನ ಹೆಸರಿನ ಚೀಟಿಯನ್ನು ಕೈಯಲ್ಲಿ ಹಿಡಿದು ತಿರುಗಿದಳು.

"ಇದನ್ನ ಅಂಟಿಸೋವಾಗ ನೀನು ಇದೇ ಕುರ್ಚೀಲಿ ಕೂತಿದ್ದೆ."

"ಕೂತಿದ್ದೆ."

"ಅಂಟು ಹತ್ತಿರ ಇಟ್ಟವಳೂ ನೀನೇ."

ದುನ್ಯಾ ಹಿಂದಿನ ಬಾಗಿಲು ತೆರೆದು ಹೊರಗೆ ನಿಂತಳು. ಬಹಳ ಹೊತ್ತಿನ ಮೇಲೆ ಒಳಗೆ ಬಂದು, ಚಹಾದ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. ಎರಡು ಲೋಟ ಇಟ್ಟಳು.

"ಸಬ್ಬಸಿಗೆಯಂತೆ," ಎಂದಳು ಒಲೆಯ ಕಡೆಗೇ ಮುಖ ಮಾಡಿ. "ನೋವು ಅಂತ ನನ್ನ ಹತ್ರ ಹೇಳಿದ್ರೆ ನಾನೇನು ನಿನ್ನ ತಿಂದುಬಿಡ್ತಿದ್ನಾ?"

"ನಾಚಿಕೆಯಾಯ್ತು."

"ನಾಚಿಕೆ!" ದುನ್ಯಾ ಕುರ್ಚಿ ಎಳೆದು ಕೂತಳು. ಸಿಟ್ಟು ಇನ್ನೂ ಇತ್ತು, ಆದರೆ ದನಿ ತಗ್ಗಿತ್ತು. "ಆಯ್ತು, ಕೇಳು. ಊರಿಗೆ ಇದು ಗೊತ್ತಾಗೋದು ಬೇಡ. ಪ್ರಾರ್ಥನೆ ಮನೇಲಿ ನಿನ್ನನ್ನ ಬ್ರೆಡ್ ಮುಟ್ಟೋಕೂ ಬಿಡಲ್ಲ ಅವ್ರು. ಜ್ವರದ ಮಾತ್ರೆ ಎರಡು ಸಲ ನುಂಗಿಬಿಟ್ಟಿದ್ದೆ, ಅದಕ್ಕೇ ಹಾಗಾಯ್ತು ಅಂತ ನಾನೇ ಹೇಳ್ತೀನಿ. ಮುದುಕಿ ತಪ್ಪು ಮಾಡಿದ್ಲು ಅಂತ ನಗ್ತಾರೆ, ಅಷ್ಟೇ. ನಿನ್ನ ಹೆಸರು ಬರಲ್ಲ."

ಎಷ್ಟು ಸುಲಭವಾಗಿತ್ತು. ಪೋಲ್ಯಾ ಒಂದು ಗಳಿಗೆ ಅದನ್ನು ಮನಸ್ಸಿನಲ್ಲೇ ಹಿಡಿದು ನೋಡಿದಳು. ಮಾತ್ರೆ ಲೆಕ್ಕ ತಪ್ಪಿದ ಮುದುಕಿಯನ್ನು ಕೀರ್ತನೆ ಎತ್ತಲು ಯಾರು ಮುಂದಿನ ಸಾಲಿಗೆ ಕರೆಯುತ್ತಾರೆ? ತಟ್ಟೆಯ ಚರಟವನ್ನು ಒಲೆಗೆ ಕೊಡವಿದಳು. ಯಂತ್ರಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಖಾಲಿಯಾದ ವಸ್ತ್ರ ಝಾಡಿಸಿ ತಲೆಗೆ ಕಟ್ಟಿಕೊಂಡಳು.

"ಬೇಡ ದುನ್ಯಾ," ಎಂದಳು. "ಭಾನುವಾರ ಕೀರ್ತನೆಗೆ ಮುಂಚೆ ನಾನೇ ಹೇಳ್ತೀನಿ. ನೀನು ಬರೀ ಪಕ್ಕದಲ್ಲಿ ನಿಂತಿರು."