ಸೆನ್ಸರಿಗೆ ಹಚ್ಚಿದ ಗಂಧ

ಚಿಕ್ಕಮ್ಮನ ಬಲಗೈಯ ನಾಲ್ಕು ಬೆರಳು ಹೋದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವ ಯೋಗ್ಯತೆ ನನಗಿಲ್ಲ. ಎರಡು ವರ್ಷ ಅವಳು ಅದು ತನ್ನದೇ ತಪ್ಪು ಎಂದು ನಂಬಿದ್ದಳು. ನಾನು ನಂಬಲು ಬಿಟ್ಟೆ.

ನನ್ನನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ. ಮೂಕಂಡಪಲ್ಲಿಯ ಹತ್ತಿರ, ಗಾಡಿಗಳಿಗೆ ತಗಡಿನ ಬ್ರಾಕೆಟ್ ಮಾಡುವ ಸಣ್ಣ ಕಾರ್ಖಾನೆ. ಕೃಷ್ಣಗಿರಿಯಲ್ಲಿ ಡಿಪ್ಲೊಮಾ ಮುಗಿಸಿ, ಸೂಳಗಿರಿ ಪಕ್ಕದ ನಮ್ಮೂರಲ್ಲಿ ನಾನು ಸುಮ್ಮನೆ ಕೂತಿದ್ದಾಗ ಅವಳು ಸೂಪರ್‌ವೈಸರನ ಬೆನ್ನು ಬಿದ್ದಳು. "ನಮ್ ಹುಡ್ಗಿ ಮಿಷಿನ್ ಕೆಲ್ಸ ಎಲ್ಲಾ ಓದ್ಕೊಂಡವ್ಳೆ ಸಾರ್, ಒಂದ್ಸಲ ನೋಡಿ" ಎಂದು ಅವನ ತಲೆ ತಿಂದು ನನ್ನನ್ನು ಮೇಂಟೆನೆನ್ಸಿಗೆ ತೂರಿಸಿದಳು.

ಅವಳ ಕೆಲಸ ವೆಲ್ಡಿಂಗ್ ರೋಬೋಟಿನ ಮುಂದೆ. ತಗಡಿನ ತುಂಡುಗಳನ್ನು ಅಚ್ಚಿನಲ್ಲಿ ಕೂರಿಸಿ, ಹಿಂದೆ ಸರಿದು, ಗುಂಡಿ ಒತ್ತಬೇಕು. ಒತ್ತಿದೊಡನೆ ಕ್ಲ್ಯಾಂಪುಗಳು ತಗಡನ್ನು ಕಚ್ಚಿ ಹಿಡಿಯುತ್ತವೆ, ರೋಬೋಟ್ ಬಂದು ಬೆಸೆಯುತ್ತದೆ. ಅವಳಿಗೂ ಅಚ್ಚಿಗೂ ನಡುವೆ ಎರಡು ಕಂಬಗಳಿದ್ದವು. ಒಂದು ಕಂಬ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ, ಇನ್ನೊಂದು ಅದನ್ನು ಹಿಡಿಯುತ್ತದೆ. ನಡುವೆ ಕೈ ಬಂದು ಬೆಳಕು ಕಡಿದರೆ ಎಲ್ಲವೂ ನಿಂತುಬಿಡುತ್ತದೆ. ಆ ಸೆನ್ಸರನ್ನು ನಾವೆಲ್ಲ ಕಣ್ಣು ಎಂದೇ ಕರೆಯುತ್ತಿದ್ದೆವು.

ಆ ವರ್ಷದ ಆಯುಧಪೂಜೆಗೆ ಚಿಕ್ಕಮ್ಮ ಮನೆಯಿಂದ ಗಂಧ ತೇದುಕೊಂಡು ಬಂದಿದ್ದಳು. ಮಿಷಿನುಗಳಿಗೆಲ್ಲ ಹಚ್ಚಿ, ಕುಂಕುಮ ಇಟ್ಟು, ಕೊನೆಗೆ ಆ ಎರಡು ಕಂಬಗಳ ಮುಖಕ್ಕೂ ಧಾರಾಳವಾಗಿ ಬಳಿದಳು. "ನಮ್ಮುನ್ನ ಕಾಯೋದೇ ಇದು ಕಣೇ. ಇದಕ್ಕೇ ಹಚ್ಚಲಿಲ್ಲ ಅಂದ್ರೆ ಹೆಂಗೆ?" ಎಂದಳು. ನಾನು ನಕ್ಕೆ.

ರಜೆ ಮುಗಿಸಿ ಬಂದರೆ, ಚಿಕ್ಕಮ್ಮನ ಪಾಳಿ ಶುರುವಾಗುವ ಮುಂಚೆ, ಮಿಷಿನ್ ಏಳಲೊಲ್ಲದು. ಗಂಧ ಒಣಗಿ ಬೆಳಕು ದಾಟುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ನಿಧಾನವಾಗಿ ಒರೆಸಿದ್ದರೆ ಮುಗಿದುಹೋಗುತ್ತಿತ್ತು. ಡಿಪ್ಲೊಮಾದ ಮಹಾತಾಯಿ ನಾನು, ನನಗೆಲ್ಲಿಯ ತಾಳ್ಮೆ! ಪೇಂಟಿನವರ ಹತ್ತಿರ ಥಿನ್ನರ್ ಈಸಿಕೊಂಡು ಬಂದು ಗಸಗಸ ಉಜ್ಜಿದೆ. ಗಾಜಿನ ಹಾಗೆ ಕಾಣುತ್ತಿದ್ದ ಆ ಮುಖ ಗಾಜಲ್ಲ, ಪ್ಲಾಸ್ಟಿಕ್. ನೋಡನೋಡುತ್ತಿದ್ದಂತೆ ಬೆಳ್ಳಗೆ ಮಬ್ಬಾಯಿತು. ಆಮೇಲೆ ಮಿಷಿನ್ ಐದೈದು ನಿಮಿಷಕ್ಕೆ ನಿಲ್ಲತೊಡಗಿತು.

ಹೊಸ ಸೆನ್ಸರ್ ಬರಲು ಹತ್ತು ದಿನ ಬೇಕಿತ್ತು. ಸೂಪರ್‌ವೈಸರ್ ಬಂದು, "ಬೈಪಾಸ್ ಪಣ್ಣು, ಒಣ್ಣುಂ ಆಗಾದುಮ್ಮಾ" ಎಂದ. ಸೆನ್ಸರನ್ನು ತಪ್ಪಿಸಿ ಓಡಿಸಬೇಕಂತೆ, ಏನೂ ಆಗುವುದಿಲ್ಲವಂತೆ! ನಾನು ಪ್ಯಾನಲ್ ತೆಗೆದು ಒಂದು ಗೇಣು ವೈರು ಹಾಕಿದೆ. ಅಲ್ಲಿಂದ ಮುಂದೆ ಕಂಬದ ನಡುವೆ ಏನು ಬಂದರೂ ಮಿಷಿನ್ ನಿಲ್ಲುವಂತಿರಲಿಲ್ಲ. ಚಿಕ್ಕಮ್ಮನಿಗೆ ಹೇಳಲಿಲ್ಲ. ಹೇಳಿದರೆ ಥಿನ್ನರಿನ ಸಂಗತಿಯನ್ನೂ ಬಾಯಿಬಿಡಬೇಕಿತ್ತು. ಥೂ, ಅಷ್ಟೇ ಕಾರಣ.

ಮೂರನೆಯ ದಿನ, ಊಟದ ಬೆಲ್ ಆಗುವ ಮುಂಚೆ, ಗುಂಡಿ ಒತ್ತಿದ ಮೇಲೆ ಅವಳಿಗೆ ಒಂದು ತುಂಡು ಸೊಟ್ಟಗೆ ಕೂತದ್ದು ಕಂಡಿತು. ಎಂದಿನಂತೆ ಕೈ ಚಾಚಿದಳು. ಎಷ್ಟು ಸಲ ಹಾಗೆ ಚಾಚಿದ್ದಳೋ, ಪ್ರತಿ ಸಲವೂ ಮಿಷಿನ್ ನಿಂತಿತ್ತು. ಅವತ್ತು ಕ್ಲ್ಯಾಂಪ್ ಕಚ್ಚಿತು.

ಎಲ್ಲರೂ ಅವಳನ್ನು ಹೊತ್ತುಕೊಂಡು ಗೇಟಿನ ಕಡೆ ಓಡುತ್ತಿದ್ದರು. ನಾನು ಪ್ಯಾನಲಿನ ಕಡೆ ಓಡಿದೆ. ವೈರನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ವಿಚಾರಣೆಗೆ ಬಂದವರು ಕಂಬದ ಮಬ್ಬು ಮುಖ ನೋಡಿದರು, ಮೂಲೆಯಲ್ಲಿ ಅಂಟಿದ್ದ ಹಳದಿ ನೋಡಿದರು. "ಗಂಧ ಮೆತ್ತಿ ಕಣ್ಣು ಕುರುಡಾಗಿದೆ, ಕೈ ಬಂದದ್ದು ಗೊತ್ತಾಗಿಲ್ಲ" ಎಂದ ಸೂಪರ್‌ವೈಸರ್. ಅವರು ನನ್ನ ಮುಖ ನೋಡಿದರು. ಹೌದು ಸಾರ್ ಎಂದೆ. ಆಸ್ಪತ್ರೆಗೆ ಹೋದರೆ ಈ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಚಿಕ್ಕಮ್ಮ ಕಟ್ಟು ಹಾಕಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು, "ನಾನೇ ಕಣೇ ಮಾಡ್ಕೊಂಡಿದ್ದು, ಯಾರುನ್ನ ಅಂದೇನ್ ಬಂತು" ಎಂದಳು. ನಾನು ಎಳನೀರಿಗೆ ಸ್ಟ್ರಾ ಹಾಕಿ ಅವಳ ಬಾಯಿಗೆ ಹಿಡಿದೆ.

ಆಮೇಲೆ ಅವಳಿಗೆ ಕಸ ಗುಡಿಸುವ ಕೆಲಸ ಕೊಟ್ಟರು. ನನಗೆ ಹೊಸಬರಿಗೆ ಪಾಠ ಹೇಳುವ ಕೆಲಸವೂ ಬಂತು. ಮೇಜಿನ ಮೇಲೆ ಒಂದು ಪುಟ್ಟ ರೋಬೋಟ್ ಇಟ್ಟು, ಇದು ಶಬ್ದ ಕಳಿಸಿ ದೂರ ಅಳೆಯುವ ಸೆನ್ಸರ್, ಇದು ಲೋಹ ಹತ್ತಿರ ಬಂದರೆ ತಿಳಿಯುವುದು, ಇದು ಶಾಖದ್ದು ಎಂದು ಒಂದೊಂದಾಗಿ ತೋರಿಸುತ್ತಿದ್ದೆ. ಮೊನ್ನೆ ಒಬ್ಬ ಹುಡುಗಿ ಕೇಳಿದಳು: "ಅಕ್ಕಾ, ವೆಲ್ಡಿಂಗ್ ಮಿಷಿನ್ ಮುಂದಿನ ಕಂಬದ ಸೆನ್ಸರಿಗೆ ಧೂಳು ಕೂತು ಬೆಳಕು ಕಾಣಲಿಲ್ಲ ಅಂದ್ರೆ?"

ಪಾಠದ ಗುಂಗಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. "ಮಿಷಿನ್ ನಿಂತ್ಬಿಡುತ್ತೆ. ಬೆಳಕು ಕಾಣದಿದ್ರೆ ಕೈ ಬಂದಿದೆ ಅಂತಲೇ ಅದರ ಲೆಕ್ಕ. ಕುರುಡಾದ್ರೆ ಓಡಲ್ಲ."

ಹಿಂದೆ ಪೊರಕೆಯ ಸದ್ದು ನಿಂತಿತು.

ಹುಡುಗಿಯರು ಹೋಗುವವರೆಗೂ ಚಿಕ್ಕಮ್ಮ ಬಾಗಿಲಲ್ಲಿ ಕಾದಳು. ಆಮೇಲೆ ಹತ್ತಿರ ಬಂದು, "ಕುರುಡಾದ್ರೆ ಓಡಲ್ವಾ?" ಎಂದಳು.

"ಓಡಲ್ಲ ಚಿಕ್ಕಮ್ಮ."

"ಮತ್ತೆ ನನ್ ಕೈ ಹೆಂಗೋಯ್ತು?"

ಹೇಳಿದೆ. ಥಿನ್ನರ್, ವೈರು, ಜೇಬು, ಒಂದನ್ನೂ ಬಿಡದೆ ಹೇಳಿದೆ. ಸೂಪರ್‌ವೈಸರ್ ಹೇಳಿದ್ದಕ್ಕೆ ಹಾಕಿದೆ ಎಂದೂ ಸೇರಿಸಿದೆ. ಅದು ನನ್ನ ಕಿವಿಗೇ ಅಸಹ್ಯವಾಗಿ ಕೇಳಿಸಿತು. ಬಯ್ಯಲಿ, ಪೊರಕೆ ತೆಗೆದುಕೊಂಡು ಬಾರಿಸಲಿ ಎಂದು ಕಾದೆ.

"ಎರಡು ವರ್ಷ ಆಯ್ತು ಕಣೇ, ನಾನು ದೇವ್ರ ಗೂಡು ಮುಟ್ಟಿಲ್ಲ" ಎಂದಳು. "ಗಂಧದ ಕೊರಡು ಕಂಡ್ರೆ ಮೈ ನಡುಗ್ತದೆ. ಪಕ್ಕದ ಮನೇಲೇ ಇದ್ಯಲ್ಲೇ ನೀನು. ದಿನಾ ನೋಡ್ತಿದ್ಯಲ್ಲೇ."

ಸಂಜೆ ಸೂಳಗಿರಿ ಬಸ್ಸಿನಲ್ಲಿ ಎಂದಿನಂತೆ ಅವಳಿಗೆ ಸೀಟು ಹಿಡಿದಿಟ್ಟೆ. ಅವಳು ನೋಡಿದಳು. ಎಡಗೈಯಲ್ಲಿ ಕಂಬಿ ಹಿಡಿದುಕೊಂಡು, ಊರು ಬರುವವರೆಗೂ ನಿಂತೇ ಬಂದಳು.