ಟೇಪು ಹೇಳಿದ ಆಯುಷ್ಯ

ಟೇಪು ಕಂಡರೆ ನನಗೆ ಆಗುವುದಿಲ್ಲ. ದರ್ಜಿಯ ಕೊರಳಲ್ಲಿ ತೂಗಾಡುವ ಟೇಪಿನ ಬಗ್ಗೆ ನನ್ನ ತಕರಾರಿಲ್ಲ. ಅದು ಪಾಪ, ಅಂಗಿ ಎಷ್ಟು ಉದ್ದ ಬೇಕು ಎಂದಷ್ಟೇ ಕೇಳುತ್ತದೆ. ಅಳತೆ ತಪ್ಪಿದರೆ ಬಿಚ್ಚಿ ಹೊಲಿಯಲಿಕ್ಕೆ ದರ್ಜಿ ಒಳಗೆ ಒಂದಿಷ್ಟು ಬಟ್ಟೆಯನ್ನೂ ಮಡಚಿ ಇಟ್ಟಿರುತ್ತಾನೆ. ನನಗೆ ಸಿಟ್ಟು ಬರುವುದು ಹೊಟ್ಟೆಯನ್ನು ಒಂದು ಸುತ್ತು ಹಾಕಿ, ಎರಡು ತುದಿ ಕೂಡಿದ ಕೂಡಲೇ ‘ನೀನು ಇನ್ನೆಷ್ಟು ವರ್ಷ ಇರುತ್ತೀ ಗೊತ್ತೇ?’ ಎಂದು ಶುರುಮಾಡುವ ಟೇಪಿನ ಮೇಲೆ. ಬಟ್ಟೆ ಅಳೆಯಲು ಹುಟ್ಟಿದ ವಸ್ತುವಿಗೆ ಬ್ರಹ್ಮನ ಕೆಲಸ ಕೊಟ್ಟವರು ಯಾರೋ!

ಈ ಜಾತಿಯ ಟೇಪು ನನ್ನ ಮೈಗೆ ಮೊದಲು ತಾಗಿದ್ದು ತೊಂಬತ್ತರ ದಶಕದಲ್ಲಿ, ಹುಮನಾಬಾದಿನಲ್ಲಿ. ನಾನು ಬಸವಕಲ್ಯಾಣದಲ್ಲಿ ಕನ್ನಡ ಮಾಸ್ತರ. ಅಕ್ಕ ಶಕುಂತಲೆಯನ್ನು ಹುಮನಾಬಾದಿಗೆ ಕೊಟ್ಟಿತ್ತು. ಅಕ್ಕನ ಗಂಡನನ್ನು ನಮ್ಮ ಕಡೆ ಮಾವ ಎನ್ನುತ್ತೇವೆ. ನಮ್ಮ ಮಾವನದು ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ. ಜೋಳ, ತೊಗರಿ, ಕಡಲೆಯ ಚೀಲಗಳ ನಡುವೆ ಅವರೂ ಒಂದು ತುಂಬಿದ ಚೀಲದ ಹಾಗೆ ಕೂತಿರುತ್ತಿದ್ದರು. ವಿಮೆಯ ಏಜೆಂಟನೊಬ್ಬ ನಮ್ಮಿಬ್ಬರನ್ನೂ ಒಂದೇ ದಿನ ಡಾಕ್ಟರ ಮುಂದೆ ನಿಲ್ಲಿಸಿದ. ಡಾಕ್ಟರು ಎದೆ ಅಳೆದರು, ಉಸಿರು ಎಳೆಸಿ ಅಳೆದರು, ಆಮೇಲೆ ಹೊಟ್ಟೆ ಅಳೆದರು. ನನ್ನ ಎದೆ ಉಸಿರು ಎಳೆದಾಗಲೂ ಬಿಟ್ಟಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಈ ಮನುಷ್ಯ ಉಸಿರಾಡುತ್ತಾನೋ ಇಲ್ಲವೋ ಎಂದು ಅವರು ನನ್ನ ಮುಖ ನೋಡಿದರು. ಆದರೂ ನನಗೆ ಹೊಟ್ಟೆ ಎಂಬುದು ಇರಲಿಲ್ಲವಲ್ಲ, ಅಷ್ಟು ಸಾಕಾಯಿತು. "ನಿಮಗೇನ್ರಿ ಸರ, ನೂರು ವರ್ಷ," ಎಂದರು. ಮಾವನ ಹೊಟ್ಟೆ ಎದೆಯನ್ನು ಸೋಲಿಸಿಬಿಟ್ಟಿತ್ತು. ಡಾಕ್ಟರು ತಲೆ ಅಲ್ಲಾಡಿಸಿದರು. ಏಜೆಂಟನ ಮುಖ ಹೆಣ ಕಂಡವರ ಹಾಗಾಯಿತು.

ಆ ಕಾಲಕ್ಕೆ ಮಾವ ಜೋಳದ ಚೀಲವನ್ನು ಹಮಾಲರಿಗೆ ಕಾಯದೆ ತಾವೇ ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು. ನೂರು ವರ್ಷದ ನಾನು ಶಾಲೆಯ ಮಕ್ಕಳ ಜೊತೆ ಕಲ್ಯಾಣದ ಕೋಟೆ ಹತ್ತಿದರೆ ಅರ್ಧಕ್ಕೇ ಕೂತು, ಇತಿಹಾಸ ಹೇಳುವ ನೆವದಲ್ಲಿ ದಣಿವಾರಿಸಿಕೊಳ್ಳುತ್ತಿದ್ದೆ. ಮಕ್ಕಳಿಗೆ ಕೋಟೆಯ ಇತಿಹಾಸ ಅಷ್ಟು ವಿವರವಾಗಿ ಗೊತ್ತಾದದ್ದು ನನ್ನ ದಮ್ಮಿನಿಂದಲೇ.

ಮೈ ನೋಡಿ ಆಯುಷ್ಯ ಹೇಳುವ ಚಟ ಹೊಸದೇನಲ್ಲ. ನಮ್ಮ ಸಾಮುದ್ರಿಕ ಶಾಸ್ತ್ರದವರು ತೋಳು ಮೊಣಕಾಲು ಮುಟ್ಟಿದರೆ ದೀರ್ಘಾಯು, ಕಿವಿ ಜೋತುಬಿದ್ದರೆ ದೀರ್ಘಾಯು ಎಂದು ಹೇಳಿ ದಕ್ಷಿಣೆ ತೆಗೆದುಕೊಂಡು ಹೋಗುತ್ತಿದ್ದರು. ಅವರಲ್ಲಿ ಒಂದು ಸಭ್ಯತೆ ಇತ್ತು: ಎದುರಿಗೆ ಕೂತವನಿಗೆ ಆಯುಷ್ಯ ಕಡಿಮೆ ಎಂದು ಎಂದೂ ಹೇಳುತ್ತಿರಲಿಲ್ಲ. ಹೊಸ ಸಾಮುದ್ರಿಕರಿಗೆ ಆ ದಾಕ್ಷಿಣ್ಯವೂ ಇಲ್ಲ. ಅವರ ಕೈಗೆ ಗಣಪತಿ ಸಿಕ್ಕಿದ್ದರೆ ಏನು ಮಾಡುತ್ತಿದ್ದರೋ! ಆ ಹೊಟ್ಟೆ, ಆ ಮೋದಕ, ಓಡಾಟಕ್ಕೆ ಒಂದು ಇಲಿ. ಮೂರೂ ಅವರ ಅಪಾಯದ ಕೆಂಪು ಗೆರೆಯ ಆಚೆ. ಹೊಟ್ಟೆಯ ಸುತ್ತ ಹಾವು ಬಿಗಿದುಕೊಂಡ ಆತ ಮಾತ್ರ ಯಾವ ಡಾಕ್ಟರ ಮುಂದೂ ನಿಲ್ಲದೆ ಇಷ್ಟು ಯುಗ ಕಳೆದಿದ್ದಾನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಈ ವಿದ್ಯೆ ಡಾಕ್ಟರ ಕೋಣೆಯಿಂದ ಬೀದಿಗೆ ಬಂತು. ಯಾವುದೋ ಸಂಘದವರು ಹುಮನಾಬಾದಿನ ಕಲ್ಯಾಣಮಂಟಪದಲ್ಲಿ ಆರೋಗ್ಯ ಶಿಬಿರ ಮಾಡಿದರು. ಗೋಡೆಗೆ ದೊಡ್ಡ ಬೋರ್ಡು, ಸೊಂಟ ಎಷ್ಟು ದಾಟಬಾರದೆಂದು ಕೆಂಪು ಗೆರೆ ಎಳೆದದ್ದು. ಅದರಲ್ಲಿ ಎರಡು ಹಣ್ಣು: ಹೊಟ್ಟೆಯಲ್ಲಿ ದಪ್ಪಗಿರುವವರು ಸೇಬಿನ ಆಕಾರದವರು, ಅವರಿಗೆ ಗಂಡಾಂತರ ಹೆಚ್ಚು, ಅದಕ್ಕಿಂತ ಕೆಳಗೆ ದಪ್ಪಗಿರುವವರು ಪಿಯರ್ ಹಣ್ಣಿನ ಆಕಾರದವರು, ಅವರಿಗೆ ಕಡಿಮೆ. ಪಿಯರ್ ಹಣ್ಣನ್ನು ಹುಮನಾಬಾದಿನ ಪೇಂಟರ್ ಕಂಡಿರಲಿಲ್ಲ; ಸೋರೆಕಾಯಿ ಬರೆದು ಹಳದಿ ಬಣ್ಣ ಹೊಡೆದಿದ್ದ. ಬಂದವರಿಗೆಲ್ಲ ಒಂದೊಂದು ಟೇಪು ಪುಕ್ಕಟೆ ಹಂಚಿದರು. ವಾರಕ್ಕೊಮ್ಮೆ ಮನೆಯಲ್ಲೇ ಸೊಂಟ ಅಳೆದುಕೊಳ್ಳಿ ಎಂದರು.

ಇಲ್ಲಿಯೇ ನಮ್ಮವರ ಜಾಣತನ ಕೆಲಸ ಮಾಡಿತು. ನಮ್ಮ ಕಡೆ ಗಂಡಸಿಗೆ ಸೊಂಟ ಎಂದರೆ ಉಡದಾರ ಇರುವ ಜಾಗ. ಕೂಸಿದ್ದಾಗ ಕಟ್ಟಿದ ಕರಿದಾರ. ಹರಿದರೆ ಹೊಸದು, ಇಲ್ಲದೆ ಇರುವಂತಿಲ್ಲ. ಹೊಟ್ಟೆ ಬೆಳೆದಂತೆ ಉಡದಾರ ನಿಧಾನಕ್ಕೆ ಕೆಳಗೆ ಸರಿದು, ಹೊಟ್ಟೆಯ ನೆರಳಿನಲ್ಲಿ ತಣ್ಣಗೆ ಕೂತುಬಿಡುತ್ತದೆ. ಬಜಾರಿನ ಸಾವಕಾರರೆಲ್ಲ ಟೇಪನ್ನು ಉಡದಾರದ ಮೇಲೆಯೇ ಸುತ್ತಿದರು. ಹೊಟ್ಟೆ ಮೇಲೆ ಉಳಿಯಿತು, ಅಳತೆ ಕೆಳಗೆ ಆಯಿತು, ಒಬ್ಬರಿಗಿಂತ ಒಬ್ಬರು ಆರೋಗ್ಯವಂತರಾದರು. ಸುಮಾರು ದಿನ ಹುಮನಾಬಾದಿನ ಅಡತಿ ಬಜಾರಿಗೆ ಸಾವೇ ಇರಲಿಲ್ಲ.

ಆಮೇಲೆ ಶಿಬಿರದ ನರ್ಸಮ್ಮ ತನಿಖೆಗೆ ಮನೆಮನೆಗೆ ಬಂದಳು. ಮಾವ ಹೆಮ್ಮೆಯಿಂದ ಅಳತೆ ತೋರಿಸಿದರು.

"ಸಾವಕಾರ್ರ, ಅಲ್ಲಲ್ರಿ, ಹೊಕ್ಕಳ ಮ್ಯಾಲ ಅಳೀಬೇಕ್ರಿ," ಎಂದಳು ಆಕೆ.

"ಹೊಕ್ಕಳ ಎಲ್ಲಿ ಸೊಂಟ ಆಗ್ತದವ್ವಾ? ಉಡದಾರ ಎಲ್ಲಿ ಅದ, ಅದೇ ಸೊಂಟ."

ಆಕೆ ಟೇಪನ್ನು ಒಂದು ಗೇಣು ಮೇಲಕ್ಕೆ ಸರಿಸಿದಳು. ಗೇಣಿನಷ್ಟು ದೂರದಲ್ಲಿ ಮಾವನ ಆಯುಷ್ಯ ಪಾತಾಳಕ್ಕೆ ಇಳಿಯಿತು. ಹೀಗೇ ತಿಂದರೆ ಮಕ್ಕಳ ಮದುವೆ ನೋಡುವುದು ಕಷ್ಟ ಎಂದು ಹೇಳಿ, ಚಹಾ ಕುಡಿದು ಹೋದಳು. ಬಾಗಿಲ ಹಿಂದೆ ಅಕ್ಕ ನಿಂತಿದ್ದಳು. ಅವಳಿಗೆ ಆ ಮಾತು ಎದೆಗೆ ನಾಟಿಬಿಟ್ಟಿತು.

ಅಂದಿನಿಂದ ಆ ಮನೆಯಲ್ಲಿ ತುಪ್ಪ ನಿಂತಿತು, ಹೋಳಿಗೆ ನಿಂತಿತು, ರೊಟ್ಟಿಗೆ ಲೆಕ್ಕ ಬಂತು. ಎಳ್ಳಮಾಸಿಗೆ, ಎಂದರೆ ಎಳ್ಳ ಅಮಾವಾಸ್ಯೆಗೆ, ಎಲ್ಲರೂ ಹೊಲಕ್ಕೆ ಹೋಗಿ ಗಿಡದ ಕೆಳಗೆ ಕೂತು ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಹೊಡೆಯುತ್ತಿದ್ದರೆ, ಮಾವ ಎಲೆಯ ಮುಂದೆ ಪರೀಕ್ಷೆಯಲ್ಲಿ ನಪಾಸಾದ ಹುಡುಗನಂತೆ ಕೂತಿದ್ದರು. ನಮ್ಮ ಸೀಮೆಯಲ್ಲಿ ಎಳ್ಳಮಾಸಿಯ ಭಜ್ಜಿ ಬಿಟ್ಟವನು ಬದುಕಿದ್ದೂ ಏನು ಪ್ರಯೋಜನ? ಅಕ್ಕನೂ ತಿನ್ನಲಿಲ್ಲ. "ನಿಮಗಿಲ್ಲದ ತುಪ್ಪ ನನಗ್ಯಾಕ್ರಿ? ನಿಮ್ಮ ಮುಂದ ಕೂತು ನಾ ಹ್ಯಾಂಗ ತಿನ್ಲಿ?" ಎಂದಳು.

ಪ್ರತಿ ಸೋಮವಾರ ಇಬ್ಬರೂ ಅಳೆದುಕೊಳ್ಳುತ್ತಿದ್ದರು. ಮಾವನ ಅಳತೆ ಕದಲಲಿಲ್ಲ, ಏಕೆಂದರೆ ಬಸ್‌ಸ್ಟ್ಯಾಂಡಿನ ಹೋಟೆಲಿನವನು ಯಾರ ಸೊಂಟವನ್ನೂ ಅಳೆಯುತ್ತಿರಲಿಲ್ಲ. ಅಕ್ಕನ ಅಳತೆ ಮಾತ್ರ ವಾರ ವಾರಕ್ಕೆ ಇಳಿಯಿತು. ಕುಪ್ಪಸ ಸಡಿಲಾಯಿತು, ಬಳೆ ಮೊಣಕೈಗೆ ಜಾರಿತು, ಕೆನ್ನೆ ಒಳಗೆ ಹೋಯಿತು. ಓಣಿಯ ಹೆಂಗಸರು ಹೊಟ್ಟೆಕಿಚ್ಚುಪಟ್ಟರು. ಬೇಸಿಗೆಯಲ್ಲಿ ಸಂಘದವರು ಮತ್ತೆ ಸಭೆ ಮಾಡಿ, ಹೆಚ್ಚು ಇಳಿಸಿದ ಹೆಂಗಸರಲ್ಲಿ ಶಕುಂತಲಾಬಾಯಿಯವರು ಮೊದಲಿಗರು ಎಂದು ಸಾರಿ, ಹಾರ ಹಾಕಿ, ಸ್ಟೀಲಿನ ಡಬ್ಬಿ ಬಹುಮಾನ ಕೊಟ್ಟರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಕ್ಕನಿಗೆ ವೇದಿಕೆಯ ಮೆಟ್ಟಿಲು ಹತ್ತುವಾಗ ಕೈ ಹಿಡಿಯಬೇಕಾಯಿತು. ಬೋರ್ಡಿನಲ್ಲಿ ಅದಕ್ಕೆ ಗೆರೆ ಇರಲಿಲ್ಲ, ಹಾಗಾಗಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಳೆಗಾಲದ ಒಂದು ಮುಂಜಾನೆ ನಾನು ಅವರ ಮನೆಯ ಪಡಸಾಲೆಯಲ್ಲಿ, ಅಡಿಗೆಮನೆಯ ಬಾಗಿಲ ಹತ್ತಿರ, ಚಹಾ ಕುಡಿಯುತ್ತಿದ್ದೆ. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಾವ ಚಹಾದ ಬಸಿ ಕೆಳಗಿಟ್ಟು ಕಿವಿಗೊಟ್ಟರು.

"ಮಾಸ್ತರ, ನಿಮ್ಮಕ್ಕನ ರೊಟ್ಟಿ ಸಪ್ಪಳ ಕೇಳಾಕತ್ತದೇನು?"

"ಕೇಳಾಕತ್ತದ್ರಿ ಮಾವ."

"ಅಡಗಿಮನಿ ಬಾಗಲದಾಗ ಕೂತೀವಿ, ಅದಕ ಕೇಳಾಕತ್ತದ. ಮೊದಲ ಓಣಿ ತುದಿಗಿ ಕೇಳ್ತಿತ್ತು. ಆಕಿ ಕೈಯಾಗಿನ ಜೋರ ಹೋಗ್ಯಾದ. ರಾತ್ರಿ ಎದ್ದೆದ್ದು ತಂಬಿಗಿಗಟ್ಟಲೆ ನೀರ ಕುಡೀತಾಳ."

"ತೆಳ್ಳಗಾಗ್ಯಾಳಲ್ರಿ, ಅದಕ ಇರಬೇಕು."

"ತೆಳ್ಳಗಾಗೂದ ಬ್ಯಾರೆ, ಕರಗೂದ ಬ್ಯಾರೆ," ಎಂದರು ಮಾವ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ, ಹೆದರಿಕೆಯಾಯಿತು.

ಅಂದು ಅಂಗಡಿಯ ಬಾಗಿಲು ತೆರೆಯಲಿಲ್ಲ. ಅಕ್ಕ ಬೇಡವೆಂದರೂ ಕೇಳದೆ ಸೋಲಾಪುರದ ಬಸ್ಸು ಹತ್ತಿಸಿದರು; ನಾನೂ ಜೊತೆಗೆ ಹತ್ತಿದೆ. ಅಲ್ಲಿಯ ಡಾಕ್ಟರು ರಕ್ತ ನೋಡಿ, ಸಕ್ಕರೆ ಕಾಯಿಲೆ ಮೈಯನ್ನು ಒಳಗಿನಿಂದ ತಿಂದುಹಾಕುತ್ತಿದೆ, ಇನ್ನಷ್ಟು ತಡಮಾಡಿದ್ದರೆ ಕೈಮೀರುತ್ತಿತ್ತು ಎಂದು ಕೂಡಲೇ ದಾಖಲು ಮಾಡಿಕೊಂಡರು. ಇಷ್ಟು ಇಳಿದಿದ್ದಾರಲ್ಲ, ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು. ಗಮನಿಸದೆ ಏನು! ಹಾರ ಹಾಕಿ ಗಮನಿಸಿದ್ದೆವು.

ಟೇಪು ಸುಳ್ಳು ಹೇಳಿತು ಎಂದು ನಾನು ಎನ್ನುವುದಿಲ್ಲ. ಮಾವನ ಹೊಟ್ಟೆ ಒಳ್ಳೆಯದಕ್ಕಲ್ಲ ಎಂದು ಸೋಲಾಪುರದ ಡಾಕ್ಟರೂ ಬೈದರು, ಬೈಯಲಿ. ಆದರೆ ಟೇಪಿಗೆ ಗೊತ್ತಿರುವುದು ಸುತ್ತಳತೆ ಒಂದೇ. ಒಳಗೆ ಏನು ನಡೆದಿದೆ ಎಂದು ಅದು ಕೇಳುವುದಿಲ್ಲ. ಒಂದೇ ಮಾತು ಗೊತ್ತಿರುವವರ ಕೈಗೆ ಮೈಕು ಕೊಟ್ಟು ವೇದಿಕೆಯ ಮೇಲೆ ಕೂರಿಸುವ ಚಾಳಿ ನಮ್ಮದು.

ಸೂಜಿ, ಗುಳಿಗೆ, ಹೊತ್ತಿಗೆ ಸರಿಯಾದ ಊಟ ಶುರುವಾದ ಮೇಲೆ ಅಕ್ಕ ಚೇತರಿಸಿಕೊಂಡಳು. ಕೆನ್ನೆ ತುಂಬಿತು, ಬಳೆ ಮಣಿಕಟ್ಟಿಗೆ ಮರಳಿತು. ಮರುವರ್ಷ ನರ್ಸಮ್ಮ ಟೇಪು ಹಿಡಿದು ಬಂದು, ಅಕ್ಕನ ಸೊಂಟ ಅಳೆದು, "ಅಯ್ಯ, ಎಲ್ಲಾ ಕೆಡಿಸ್ಕೊಂಡೀರಲ್ರಿ ಬಾಯಾರ!" ಎಂದು ಮರುಗಿದಳು. ಮಾವ ಗೋಡೆಯ ನಾಗೊಂದಿಗೆಯಿಂದ ಬಹುಮಾನದ ಡಬ್ಬಿ ಇಳಿಸಿ ತಂದರು.

"ತಗೋರಿ, ಇದು ನಿಮ್ದು. ನಮಗ ಬ್ಯಾಡ."

ಅಕ್ಕ ಡಬ್ಬಿಯನ್ನು ಅವರ ಕೈಯಿಂದ ಕಸಿದುಕೊಂಡಳು. "ಖಾಲಿ ಡಬ್ಬಿ ಹೊಳ್ಳಿ ಕೊಡ್ತಾರೇನ್ರಿ? ನಮ್ಮನ್ಯಾಗ ಅಂಥಾ ಪದ್ಧತಿ ಇಲ್ಲ." ಒಳಗೆ ಹೋಗಿ ಡಬ್ಬಿ ತುಂಬ ಶೇಂಗಾ ಹೋಳಿಗೆ ಇಟ್ಟು, ಮೇಲೆ ತುಪ್ಪ ಸುರಿದು ಕೊಟ್ಟಳು. ನರ್ಸಮ್ಮ ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡಳು. ಓಣಿಯ ತಿರುವಿನಲ್ಲಿ ಟೇಪನ್ನು ಕೊರಳಿಗೆ ಹಾಕಿಕೊಂಡು, ಎರಡೂ ಕೈ ಬಿಡುವು ಮಾಡಿಕೊಂಡು ತಿನ್ನುತ್ತಿದ್ದಳು ಎಂದು ನೋಡಿದವರು ಹೇಳಿದರು.

ಕಡ್ಡಿಯಂತಿದ್ದ ನನಗೂ ಈಗ ಹೊಟ್ಟೆ ಬಂದು, ನೂರು ವರ್ಷದ ಭರವಸೆ ರದ್ದಾಗಿದೆ. ಹೆಂಡತಿ ಆಗಾಗ ಕಪಾಟಿನ ಟೇಪಿನ ಕಡೆ ನೋಡುತ್ತಾಳೆ. ನಾನು ಪೇಪರಿನ ಕಡೆ ನೋಡುತ್ತೇನೆ. ಆದರೆ ಮುಂಜಾನೆ ಶಾಲೆಗೆ ಹೊರಡುವ ಮೊದಲು ಹುಮನಾಬಾದಿಗೆ ಒಂದು ಫೋನು ಮಾಡುವುದು ಮಾತ್ರ ತಪ್ಪಿಸುವುದಿಲ್ಲ. ಅಕ್ಕ ಹೇಗಿದ್ದಾಳೆ ಎಂದು ನಾನು ಕೇಳುವುದಿಲ್ಲ, ಮಾವನೂ ಹೇಳುವುದಿಲ್ಲ. ಅವರು ಫೋನಿನ ವೈರನ್ನು ಎಳೆದಷ್ಟು ಎಳೆದು, ರಿಸೀವರನ್ನು ಅಡಿಗೆಮನೆಯ ಕಡೆ ಹಿಡಿಯುತ್ತಾರೆ. ಆ ತುದಿಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿರುತ್ತಾಳೆ. ಕಿವಿಯಿಂದ ಫೋನು ದೂರ ಹಿಡಿದರೂ ಕೇಳಿಸುತ್ತದೆ.